ಬಳ್ಳಾರಿ ರಸ್ತೆಯ ಪಾಲುದಾರರು

ಹೆಬ್ಬಾಳದ ಫ್ಲೈಓವರ್ ಇಳಿದು ಯಲಹಂಕದ ದಿಕ್ಕಿಗೆ ಹೊರಟವರಿಗೆ ಬ್ಯಾಟರಾಯನಪುರ ಈಗ ಬರೀ ಟ್ರಾಫಿಕ್ಕಿನ ಹೆಸರು. ಈ ಕಡೆ ಮೊದಲೇ ಬಂದು ಮನೆ ಕಟ್ಟಿಕೊಂಡವರಿಗೆ ಮಾತ್ರ ಅದು ಎಲ್ ಅಂಡ್ ಟಿ ಫ್ಯಾಕ್ಟರಿ ಇದ್ದ ಊರು. 1975ರಲ್ಲಿ ಲಾರ್ಸೆನ್ ಅಂಡ್ ಟೂಬ್ರೊ ಇಲ್ಲಿ ಮಣ್ಣು ಅಗೆಯುವ ಹೈಡ್ರಾಲಿಕ್ ಯಂತ್ರಗಳ ತಯಾರಿಕೆ ಶುರು ಮಾಡಿತು. ಮೊದಮೊದಲು ಬಳಸಿದ್ದು ಫ್ರಾನ್ಸಿನ ಪೋಕ್ಲೇನ್ ಕಂಪನಿಯ ತಂತ್ರಜ್ಞಾನ. 1998ರಲ್ಲಿ ಅದೇ ಕಾರ್ಖಾನೆ ಜಪಾನಿನ ಕೊಮಾಟ್ಸು ಜೊತೆಗಿನ ಜಂಟಿ ಕಂಪನಿಯಾಯಿತು. ಅರ್ಧ ಇವರದು, ಅರ್ಧ ಅವರದು. ಹದಿನೈದು ವರ್ಷ ಹಾಗೇ ನಡೆದು, 2013ರಲ್ಲಿ ಜಪಾನಿನವರ ಅರ್ಧವನ್ನೂ ಎಲ್ ಅಂಡ್ ಟಿ ಕೊಂಡುಕೊಂಡಿತು. ಯಂತ್ರಗಳು ಹೊರಬರುತ್ತಿದ್ದ ಆ ಆವರಣದಲ್ಲಿ ಈಗ ‘ರೈನ್‌ಟ್ರೀ ಬುಲವಾರ್ಡ್’ ಎಂಬ ಅಪಾರ್ಟ್‌ಮೆಂಟುಗಳಿವೆ. (ನಮ್ಮ ಹಳ್ಳಿಗಳಲ್ಲಿ ಈ ಯಂತ್ರವನ್ನು ಯಾರೇ ತಯಾರಿಸಿರಲಿ, ಅದು ‘ಹಿಟಾಚಿ’. ಬ್ಯಾಟರಾಯನಪುರದಲ್ಲಿ ದುಡಿದವರಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಇನ್ನೊಂದಿರಲಾರದು.)

ಪಾಲುದಾರಿಕೆ ಮುಗಿದಾಗ ಇಬ್ಬರೂ ಕೋರ್ಟು ಮೆಟ್ಟಿಲು ಹತ್ತಲಿಲ್ಲ. ಒಬ್ಬರ ಮೇಲೊಬ್ಬರು ಪತ್ರಿಕೆಗಳಲ್ಲಿ ಕೆಸರೆರಚಿಕೊಳ್ಳಲೂ ಇಲ್ಲ. ವಿಶೇಷವೆಂದರೆ, ಕೊಮಾಟ್ಸು ಯಂತ್ರಗಳನ್ನು ಭಾರತದಲ್ಲಿ ಮಾರುವ, ರಿಪೇರಿ ಮಾಡುವ ಕೆಲಸ ಇಂದಿಗೂ ಎಲ್ ಅಂಡ್ ಟಿಯ ಕೈಯಲ್ಲೇ ಇದೆ. ಕಂಪನಿ ಒಡೆದರೂ ವ್ಯವಹಾರ ಮುರಿಯಲಿಲ್ಲ.

ಜಂಟಿ ಉದ್ಯಮಗಳ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಸಹಿ ಹಾಕುವ ದಿನದ ಫೋಟೊದಿಂದ ಶುರು ಮಾಡುತ್ತಾರೆ. ಅಂಥ ಫೋಟೊಗಳಿಗೆ ಉತ್ತರ ಬೆಂಗಳೂರಿನಲ್ಲಿ ಬರವಿಲ್ಲ. 1996ರಿಂದ ಯಲಹಂಕದ ವಾಯುನೆಲೆಯಲ್ಲಿ ನಡೆಯುತ್ತ ಬಂದಿರುವ ಏರೋ ಇಂಡಿಯಾ ಪ್ರದರ್ಶನದಲ್ಲಿ ಆಕಾಶದಲ್ಲಿ ವಿಮಾನಗಳು ಲಾಗ ಹಾಕುತ್ತಿದ್ದರೆ, ಕೆಳಗೆ ಶಾಮಿಯಾನದೊಳಗೆ ಎಂಒಯುಗಳಿಗೆ ಸಹಿ ಬೀಳುತ್ತಿರುತ್ತದೆ. ಕೈ ಕುಲುಕುವುದು, ಕಡತ ಬದಲಾಯಿಸಿಕೊಳ್ಳುವುದು, ಕ್ಯಾಮೆರಾ ಕಡೆ ತಿರುಗಿ ನಗುವುದು. ಆ ನಗುವಿನಿಂದ ತಿಳಿಯುವುದು ಏನೂ ಇಲ್ಲ. ದೇಶ ಬೇರೆ, ಭಾಷೆ ಬೇರೆ, ಲಾಭದ ಲೆಕ್ಕ ಬೇರೆಯಾದ ಇಬ್ಬರು ಒಂದು ಕಂಪನಿ ಕಟ್ಟಿದಾಗ ಅವರ ನಡುವೆ ಎಷ್ಟು ನಂಬಿಕೆ ಇತ್ತು ಎಂಬುದು ತಿಳಿಯುವುದು ಅವರು ಬೇರೆಯಾಗುವಾಗ. ಬಳ್ಳಾರಿ ರಸ್ತೆಯ ಆಸುಪಾಸು ಅಂಥ ಬೀಳ್ಕೊಡುಗೆಗಳಿಗೂ ಬರವಿಲ್ಲ.

ಅರ್ಧ ನಿಮ್ಮದು, ಅರ್ಧ ನಮ್ಮದು

ಜಕ್ಕೂರು, ಥಣಿಸಂದ್ರ, ಯಲಹಂಕದ ಕಡೆ ಜಮೀನು ಇದ್ದವರಿಗೆ ಜಂಟಿ ಉದ್ಯಮವೆಂದರೆ ಏನೆಂದು ವಿವರಿಸಬೇಕಿಲ್ಲ. ಅವರ ಬಾಯಲ್ಲಿ ಅದು ‘ಜಾಯಿಂಟ್ ಡೆವಲಪ್‌ಮೆಂಟ್’. ಜಾಗ ನಮ್ಮದು, ಕಟ್ಟುವ ದುಡ್ಡು ಬಿಲ್ಡರ್‌ದು, ಎದ್ದ ಫ್ಲ್ಯಾಟುಗಳಲ್ಲಿ ನಮಗಿಷ್ಟು, ಅವರಿಗಿಷ್ಟು. ಜಿಪಿಎ ಬರೆದುಕೊಡುವ ದಿನ ಮನೆಯಲ್ಲಿ ಯಾರಿಗೂ ನಿದ್ದೆ ಬರುವುದಿಲ್ಲ. ಬಿಲ್ಡರ್ ಎಂಥವನು ಎಂಬುದು ಗೊತ್ತಾಗುವುದಾದರೂ ಆ ದಿನವಲ್ಲ. ಮಾರುಕಟ್ಟೆ ಬಿದ್ದು ಕಾಮಗಾರಿ ನಿಂತಾಗ, ಒಳ್ಳೆಯ ದಿಕ್ಕಿನ ಫ್ಲ್ಯಾಟುಗಳು ಯಾರ ಪಾಲಿಗೆ ಎಂಬ ಮಾತು ಬಂದಾಗ. ಕೋಟಿ ರೂಪಾಯಿಯ ಜಾಗದಲ್ಲಿ ನಡೆಯುವುದೇ ಸಾವಿರ ಕೋಟಿಯ ಕಂಪನಿಯಲ್ಲೂ ನಡೆಯುತ್ತದೆ.

ದೊಡ್ಡ ಕಂಪನಿಗಳಲ್ಲಿ ಇದಕ್ಕೆ ಇನ್ನೊಂದು ಸುತ್ತು ಸೇರಿಕೊಳ್ಳುತ್ತದೆ. ವಿದೇಶಿ ಪಾಲುದಾರನಿಗೆ ಜಂಟಿ ಕಂಪನಿಯಿಂದ ದುಡ್ಡು ಬರುವ ದಾರಿ ಒಂದೇ ಅಲ್ಲ. ಲಾಭ ಬಂದರೆ ಡಿವಿಡೆಂಡು. ಲಾಭ ಬಂದರೂ ಬಾರದಿದ್ದರೂ ಮಾರಾಟದ ಮೇಲೆ ರಾಯಲ್ಟಿ. ಅವನ ದೇಶದಿಂದಲೇ ತರಿಸಬೇಕಾದ ಬಿಡಿಭಾಗಗಳ ಬೆಲೆಯಲ್ಲಿ ಇನ್ನೊಂದಷ್ಟು. ಇಲ್ಲಿಯ ಪಾಲುದಾರನಿಗೋ ಡಿವಿಡೆಂಡು ಬಿಟ್ಟರೆ ಬೇರೆ ಬಾಗಿಲು ಕಡಿಮೆ. ಅವನ ಕೈಯಲ್ಲಿರುವುದು ಜಾಗ, ಜನ, ಡೀಲರ್‌ಗಳ ಜಾಲ, ಸರ್ಕಾರಿ ಕಚೇರಿಗಳ ಪರಿಚಯ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕೂತಿದ್ದರೂ ಎಲೆ ಬೇರೆ, ಬಡಿಸಿರುವುದೂ ಬೇರೆ. ಬಿಡಿಭಾಗದ ಬೆಲೆ ಏರಿದಾಗ ಇಲ್ಲಿಯವನಿಗೆ ಅನುಮಾನ ಬರುತ್ತದೆ. ತಾನು ಕೊಟ್ಟ ನಕ್ಷೆಯನ್ನು ಇವರ ಎಂಜಿನಿಯರ್‌ಗಳು ಬೇಗಬೇಗ ಕಲಿತುಬಿಟ್ಟರೆ ಅಲ್ಲಿಯವನಿಗೆ ಅನುಮಾನ. ಕೊಯಮತ್ತೂರಿನಲ್ಲಿ ಹುಟ್ಟಿ ಅಮೆರಿಕದಲ್ಲಿ ಹೆಸರು ಮಾಡಿದ ಸಿ.ಕೆ. ಪ್ರಹ್ಲಾದ್ ಮತ್ತಿಬ್ಬರು 1989ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಬರೆದ ಪ್ರಸಿದ್ಧ ಲೇಖನದ ತಿರುಳೂ ಇದೇ: ಪ್ರತಿಸ್ಪರ್ಧಿಗಳು ಕೈಜೋಡಿಸಿದರೂ ಅವರ ನಡುವಿನ ಸ್ಪರ್ಧೆ ನಿಲ್ಲುವುದಿಲ್ಲ, ಅದರ ರೂಪ ಮಾತ್ರ ಬದಲಾಗುತ್ತದೆ, ಯಾರು ಬೇಗ ಕಲಿಯುತ್ತಾರೋ ಅವರ ಕೈ ಮೇಲಾಗುತ್ತದೆ.

ನಮ್ಮ ಸರ್ಕಾರ ಈ ಅನುಮಾನಕ್ಕೆ ಕಾನೂನಿನ ಮದ್ದು ಅರೆಯಲು ನೋಡಿದ್ದುಂಟು. ಎಲ್ ಅಂಡ್ ಟಿ–ಕೊಮಾಟ್ಸು ಹುಟ್ಟಿದ 1998ರಲ್ಲೇ, ಡಿಸೆಂಬರ್‌ನಲ್ಲಿ, ಕೇಂದ್ರ ಸರ್ಕಾರ ‘ಪ್ರೆಸ್ ನೋಟ್ 18’ ಹೊರಡಿಸಿತು. ಭಾರತದಲ್ಲಿ ಈಗಾಗಲೇ ಒಬ್ಬ ಪಾಲುದಾರನ ಜೊತೆ ಕಂಪನಿ ನಡೆಸುತ್ತಿರುವ ವಿದೇಶಿಯರು ಅದೇ ಉದ್ಯಮದಲ್ಲಿ ಇನ್ನೊಂದು ಅಂಗಡಿ ತೆರೆಯಬೇಕಾದರೆ ಸರ್ಕಾರದ ಅನುಮತಿ ಬೇಕು. ಹಳೆಯ ಪಾಲುದಾರನಿಗೆ ಧಕ್ಕೆಯಿಲ್ಲವೆಂದು ತೋರಿಸಬೇಕು. ಅಂದರೆ ಪಾಲುದಾರನ ಒಂದು ನಿರಾಕ್ಷೇಪಣಾ ಪತ್ರ. ಈ ಪತ್ರಕ್ಕೆ ಏನು ಬೆಲೆ ಬಂದಿರಬಹುದೆಂದು ಊಹಿಸುವುದು ಕಷ್ಟವಲ್ಲ. ಕಂಪನಿ ಮುಚ್ಚುವ ಹಂತಕ್ಕೆ ಬಂದಿದ್ದರೂ ಪತ್ರ ಕೊಡಲು ಸತಾಯಿಸಿದವರಿದ್ದರು. 2005ರ ಜನವರಿಯಲ್ಲಿ ಹೊಸ ಪಾಲುದಾರಿಕೆಗಳಿಗೆ ಈ ನಿಯಮವನ್ನು ಕೈಬಿಡಲಾಯಿತು. ನಿಮ್ಮ ನಿಮ್ಮ ಷರತ್ತುಗಳನ್ನು ನೀವೇ ಒಪ್ಪಂದದಲ್ಲಿ ಬರೆದುಕೊಳ್ಳಿ ಎಂದಿತು ಸರ್ಕಾರ. 2011ರ ಏಪ್ರಿಲ್‌ನಲ್ಲಿ ಉಳಿದದ್ದನ್ನೂ ತೆಗೆದುಹಾಕಿತು. ನನಗೆ ಇದು ಸರಿಯಾದ ನಿರ್ಧಾರವೆಂದೇ ತೋರುತ್ತದೆ. ಇನ್ನೊಬ್ಬರನ್ನು ಕಟ್ಟಿಹಾಕಿ ಇಟ್ಟುಕೊಳ್ಳುವ ಹಕ್ಕು ಒಬ್ಬರ ಕೈಯಲ್ಲಿದ್ದರೆ ಅಲ್ಲಿ ಬೆಳೆಯುವುದು ನಂಬಿಕೆಯಲ್ಲ, ಚೌಕಾಸಿ.

ಅರ್ಧ–ಅರ್ಧ ಪಾಲು ನೋಡಲು ನ್ಯಾಯವಾಗಿ ಕಾಣುತ್ತದೆ. ಆದರೆ ಇಬ್ಬರಿಗೂ ಸಮ ಅಧಿಕಾರವಿದ್ದರೆ ಭಿನ್ನಾಭಿಪ್ರಾಯ ಬಂದ ದಿನ ಕಂಪನಿ ನಿಂತಲ್ಲೇ ನಿಲ್ಲುತ್ತದೆ. ಧಾರವಾಡದಲ್ಲಿ ಕಾರ್ಖಾನೆಯಿರುವ ಟಾಟಾ–ಹಿಟಾಚಿಯವರು ಬೇರೆ ದಾರಿ ಹಿಡಿದರು. 2010ರಲ್ಲಿ ಟಾಟಾ ಮೋಟಾರ್ಸ್ ತನ್ನ ಪಾಲಿನಲ್ಲಿ 20 ಶೇಕಡಾ ಬಿಟ್ಟುಕೊಟ್ಟು ಹಿಟಾಚಿಗೆ 60 ಆಗುವಂತೆ ಮಾಡಿತು. ಮನೆಯ ಯಜಮಾನಿಕೆ ಕೈ ಬದಲಾಯಿತು, ಮನೆ ಒಡೆಯಲಿಲ್ಲ. ಇನ್ನೂ ವಿಚಿತ್ರವಾದದ್ದು ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಲೆಕ್ಕ. 1997ರಲ್ಲಿ ಆರಂಭವಾದ ಆ ಕಂಪನಿಯಲ್ಲಿ ಈಗ ಟೊಯೊಟಾದ್ದು 89, ಕಿರ್ಲೋಸ್ಕರರದ್ದು 11. ಕಾನೂನಿನ ಪ್ರಕಾರ 11 ಶೇಕಡಾ ಹಿಡಿದು ಯಾವ ದೊಡ್ಡ ನಿರ್ಧಾರವನ್ನೂ ತಡೆಯಲಾಗದು. ಆದರೂ 2022ರ ನವೆಂಬರ್‌ನಲ್ಲಿ ಉಪಾಧ್ಯಕ್ಷರಾಗಿದ್ದ ವಿಕ್ರಮ್ ಕಿರ್ಲೋಸ್ಕರ್ ಹಠಾತ್ತನೆ ತೀರಿಕೊಂಡಾಗ, ಆ ಸ್ಥಾನಕ್ಕೆ ಬಂದವರು ಅವರ ಮಗಳು ಮಾನಸಿ ಟಾಟಾ. ಆ ಕುರ್ಚಿಯನ್ನು ಖಾಲಿ ಬಿಡಲು, ಇನ್ನು ಪೂರ್ತಿ ನಮ್ಮದೇ ಎನ್ನಲು ಟೊಯೊಟಾಗೆ ಅದಕ್ಕಿಂತ ಸುಲಭದ ಸಂದರ್ಭ ಸಿಗುತ್ತಿರಲಿಲ್ಲ. ಸಮಪಾಲು ಹದಿನೈದು ವರ್ಷಕ್ಕೆ ಮುಗಿಯಿತು. ಸಮವಲ್ಲದ ಈ ಪಾಲುದಾರಿಕೆ ಕಾಲು ಶತಮಾನ ದಾಟಿ ನಡೆಯುತ್ತಿದೆ.

ಬ್ಯಾಟರಾಯನಪುರ ಬಿಡುವ ಮೊದಲು ಇನ್ನೊಂದು. 2023ರ ಅಕ್ಟೋಬರ್‌ನಲ್ಲಿ ತೆರೆದ ಮಾಲ್ ಆಫ್ ಏಷ್ಯಾ ಕನ್ನಡಿಗರಿಗೆ ನೆನಪಿರುವುದು ಆ ಡಿಸೆಂಬರ್‌ನ ನಾಮಫಲಕ ಹೋರಾಟದಿಂದ. ಅದರ ಹಿಂದೆಯೂ ಒಂದು ಜಂಟಿ ಕಂಪನಿಯಿದೆ: ಮುಂಬೈನ ಫೀನಿಕ್ಸ್ ಮಿಲ್ಸ್ ಮತ್ತು ಕೆನಡಾದ ಪಿಂಚಣಿ ನಿಧಿ 2017ರಿಂದ ಪಾಲುದಾರರು. ಟೊರಾಂಟೊದ ನಿವೃತ್ತರ ಪಿಂಚಣಿಯ ಒಂದು ಎಳೆ ಬಳ್ಳಾರಿ ರಸ್ತೆಯ ವಾರಾಂತ್ಯದ ಜನಜಂಗುಳಿಗೆ ಅಂಟಿಕೊಂಡಿತ್ತು. 2025ರ ಜುಲೈನಲ್ಲಿ ಕೆನಡಾದವರ 49 ಶೇಕಡಾ ಪಾಲನ್ನು ಸುಮಾರು 5,449 ಕೋಟಿ ರೂಪಾಯಿಗೆ ಪಡೆಯುವುದಾಗಿ ಫೀನಿಕ್ಸ್ ಪ್ರಕಟಿಸಿತು. ಹಣ ಸಲ್ಲುವುದು ಒಟ್ಟಿಗೆ ಅಲ್ಲ, ಮೂರು ವರ್ಷಗಳಲ್ಲಿ ಕಂತುಕಂತಾಗಿ. ಹೊರಗೆ ಹೊರಟವನು ಉಳಿದವನನ್ನು ನಂಬಿ ಮೂರು ವರ್ಷ ಬಾಗಿಲಲ್ಲಿ ನಿಂತಿರಲು ಒಪ್ಪಿದ್ದಾನೆ ಎಂದರೆ, ಒಳಗೆ ಲೆಕ್ಕ ಸರಿಯಿತ್ತು ಎಂದೇ ಅರ್ಥ.

ಜಾಲಹಳ್ಳಿಗೆ ಬಂದ ಮೇಷ್ಟ್ರುಗಳು

ಯಶವಂತಪುರ ದಾಟಿ ಜಾಲಹಳ್ಳಿಗೆ ಬಂದರೆ ಕಾಲ ಎಪ್ಪತ್ತು ವರ್ಷ ಹಿಂದಕ್ಕೆ ಸರಿಯುತ್ತದೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ನಮ್ಮ ಕೈಯಲ್ಲಿ ತಂತ್ರಜ್ಞಾನ ಇರಲಿಲ್ಲ, ವಿದೇಶಿಯರ ಮೇಲೆ ನಂಬಿಕೆಯಂತೂ ಇರಲೇ ಇಲ್ಲ. ಇನ್ನೂರು ವರ್ಷದ ಅನುಭವ ಹಾಗಿತ್ತು. ಆದರೂ 1953ರಲ್ಲಿ ಎಚ್‌ಎಂಟಿ ಶುರುವಾದದ್ದು ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ. ಲೇತ್ ಯಂತ್ರದ ನಕ್ಷೆ ಅವರದು, ಕಲಿಸುವವರೂ ಅವರೇ. ಒಬ್ಬನೇ ಮೇಷ್ಟ್ರಾದರೆ ಅವನು ಹೇಳಿದ್ದೇ ಪಾಠ, ಕೇಳಿದ್ದೇ ಸಂಬಳ. ಎಚ್‌ಎಂಟಿ ಇದನ್ನು ಬೇಗ ಅರ್ಥ ಮಾಡಿಕೊಂಡಿತು. ಮಿಲ್ಲಿಂಗ್ ಯಂತ್ರಕ್ಕೆ ಜರ್ಮನಿಯ ಫ್ರಿಟ್ಜ್ ವೆರ್ನರ್, ಡ್ರಿಲ್ಲಿಂಗ್ ಯಂತ್ರಕ್ಕೆ ಹರ್ಮನ್ ಕೋಲ್ಬ್, ಗ್ರೈಂಡಿಂಗ್‌ಗೆ ಇಟಲಿಯ ಒಲಿವೆಟ್ಟಿ, ಹೀಗೆ ಒಂದೊಂದು ಯಂತ್ರಕ್ಕೆ ಒಬ್ಬೊಬ್ಬರನ್ನು ಹಿಡಿಯಿತು. 1961ರಲ್ಲಿ ಕೈಗಡಿಯಾರಕ್ಕೆ ಜಪಾನಿನ ಸಿಟಿಜನ್.

ಈ ಸಿಟಿಜನ್ ಸಹಯೋಗ ನಮ್ಮ ಮನೆಮನೆಯ ಕಥೆ. ಎಸ್ಸೆಸ್ಸೆಲ್ಸಿ ಪಾಸಾದ ಹುಡುಗನ ಕೈಗೆ, ಮದುವೆಯ ಗಂಡಿನ ಕೈಗೆ, ನಿವೃತ್ತರಾದ ಮೇಷ್ಟ್ರ ಕೈಗೆ ಬಂದದ್ದು ಎಚ್‌ಎಂಟಿ ವಾಚು. ಜಪಾನಿನವರು ಕಲಿಸಿದರು, ಇವರು ಕಲಿತರು, ಬರಬರುತ್ತ ಬಿಡಿಭಾಗಗಳನ್ನೂ ಇಲ್ಲೇ ಮಾಡಿಕೊಂಡರು. ಆಮೇಲೆ ಎಚ್‌ಎಂಟಿ ವಾಚುಗಳ ಕಾರ್ಖಾನೆ ಸೋತು, 2016ರಲ್ಲಿ ಮುಚ್ಚುವ ತೀರ್ಮಾನವಾದದ್ದಕ್ಕೆ ಸಿಟಿಜನ್‌ನವರನ್ನು ಯಾರೂ ದೂರಲಿಲ್ಲ, ದೂರುವಂತೆಯೂ ಇರಲಿಲ್ಲ. ಅವರು ಕೊಡಬೇಕಾದ್ದನ್ನು ಕೊಟ್ಟಿದ್ದರು. ಕಲಿತ ಪಾಠ ಹಳತಾದ ಮೇಲೂ ಅದನ್ನೇ ಒಪ್ಪಿಸುತ್ತ ಕೂತದ್ದು ನಮ್ಮವರು.

ಪಕ್ಕದ ಬಿಇಎಲ್ ಕಥೆ ಇದಕ್ಕಿಂತ ಸ್ವಾರಸ್ಯದ್ದು. 1954ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಸ್ಥಾಪನೆಯಾದಾಗ ತಾಂತ್ರಿಕ ಸಹಯೋಗ ಕೊಟ್ಟದ್ದು ಫ್ರಾನ್ಸಿನ ಸಿಎಸ್‌ಎಫ್ ಎಂಬ ರೇಡಿಯೊ ಕಂಪನಿ. ಸೈನ್ಯಕ್ಕೆ ಬೇಕಾದ ಸಂಪರ್ಕ ಸಾಧನಗಳನ್ನು ಹೊರದೇಶದ ಕಂಪನಿಯಿಂದ ಕಲಿಯುವುದೆಂದರೆ ಮನೆಯ ಬೀಗದ ಕೈಯನ್ನು ಬೀಗ ಮಾಡಿದವನ ಹತ್ತಿರವೇ ಬಿಟ್ಟಂತೆ ಎಂದು ಆಗಿನವರಿಗೆ ಅನ್ನಿಸಿರಲೇಬೇಕು. ಆದರೂ ಬೇರೆ ದಾರಿಯಿರಲಿಲ್ಲ. ಮುಂದೆ ಬಿಇಎಲ್ ಕೂಡ ಎಚ್‌ಎಂಟಿಯ ಹಾಗೆ ಮೇಷ್ಟ್ರುಗಳನ್ನು ಹೆಚ್ಚಿಸಿಕೊಂಡಿತು. ವಾಲ್ವುಗಳಿಗೆ ಫಿಲಿಪ್ಸ್, ರಾಡಾರುಗಳಿಗೆ ಹಾಲೆಂಡಿನ ಸಿಗ್ನಾಲ್. ಅತ್ತ ಫ್ರಾನ್ಸಿನಲ್ಲಿ ಸಿಎಸ್‌ಎಫ್ 1968ರಲ್ಲಿ ಥಾಮ್ಸನ್ ಜೊತೆ ಸೇರಿ ಥಾಮ್ಸನ್–ಸಿಎಸ್‌ಎಫ್ ಆಯಿತು. 1990ರಲ್ಲಿ ಡಚ್ಚರ ಸಿಗ್ನಾಲನ್ನೂ ಕೊಂಡಿತು. 2000ದಲ್ಲಿ ಹೆಸರು ಬದಲಿಸಿಕೊಂಡು ಥೇಲ್ಸ್ ಆಯಿತು. 2014ರಲ್ಲಿ ಬಿಇಎಲ್ ಮತ್ತು ಥೇಲ್ಸ್ ಸೇರಿ ‘ಬಿಇಎಲ್–ಥೇಲ್ಸ್ ಸಿಸ್ಟಮ್ಸ್’ ಎಂಬ ಜಂಟಿ ಕಂಪನಿ ಮಾಡಿದವು: ಬಿಇಎಲ್‌ಗೆ 74, ಥೇಲ್ಸ್‌ಗೆ 26.

ಅರವತ್ತು ವರ್ಷದ ಹಿಂದೆ ಕಲಿಸಲು ಬಂದಿದ್ದವರು ಕಾಲು ಭಾಗದ ಪಾಲುದಾರರಾಗಿ ಮರಳಿ ಬಂದರು. ಮೊದಲ ಸಲ ನಕ್ಷೆ ಅವರ ಕೈಯಲ್ಲಿತ್ತು, ಎರಡನೆಯ ಸಲ ಬಹುಪಾಲು ಷೇರು ನಮ್ಮ ಕೈಯಲ್ಲಿ. ನಡುವಿನ ಆರು ದಶಕಗಳಲ್ಲಿ ಯಾರಾದರೂ ಯಾರಿಗಾದರೂ ಕೈಕೊಟ್ಟಿದ್ದರೆ ಈ ಎರಡನೆಯ ಸಹಿ ಬೀಳುತ್ತಿರಲಿಲ್ಲ. ಈ ಸಂಗತಿ ನಮ್ಮಲ್ಲಿ ಯಾಕೆ ಹೆಚ್ಚು ಚರ್ಚೆಯಾಗುವುದಿಲ್ಲವೋ ತಿಳಿಯದು. ಬೆಂಗಳೂರಿಗೆ ಬಂದ ಹೊಸ ಕಂಪನಿಗಳ ಸುದ್ದಿಗೆ ಇರುವ ಜಾಗ ಮರಳಿ ಬಂದವರಿಗೆ ಇಲ್ಲ.

ಇಲ್ಲಿ 26ರ ಬಗ್ಗೆ ಒಂದು ಮಾತು. ರಕ್ಷಣಾ ಕ್ಷೇತ್ರದಲ್ಲಿ ವಿದೇಶಿಯರಿಗೆ ಅದಕ್ಕೂ ಹಿಂದಿನಿಂದ ಇದ್ದ ಮಿತಿಯೂ 26 ಶೇಕಡಾ. ಕಂಪನಿ ಕಾನೂನಿನಲ್ಲಿ ಈ ಅಂಕಿಗೆ ವಿಶೇಷ ತೂಕವಿದೆ. ಕಂಪನಿಯ ಮೂಲ ನಿಯಮಾವಳಿ ತಿದ್ದುವಂಥ ದೊಡ್ಡ ನಿರ್ಣಯಗಳಿಗೆ ವಿಶೇಷ ಗೊತ್ತುವಳಿ ಬೇಕು, ಅದಕ್ಕೆ ಮುಕ್ಕಾಲು ಪಾಲು ಮತ ಬೇಕು. ಹಾಗಾಗಿ ಕಾಲು ಭಾಗಕ್ಕಿಂತ ಒಂದಿಷ್ಟು ಹೆಚ್ಚು ಇರುವವರು ಏನನ್ನೂ ಮಾಡಿಸಲಾಗದಿದ್ದರೂ ‘ಆಗದು’ ಎನ್ನಬಲ್ಲರು. ಈ ಅಂಕಿ ಮುಂದೆ ದೇವನಹಳ್ಳಿಯಲ್ಲಿ ಮತ್ತೆ ಸಿಗುತ್ತದೆ.

ಒಂದೇ ಕಾಗದ, ಎರಡು ಓದು

ಎಲ್ಲವೂ ಇಷ್ಟು ಸಭ್ಯವಾಗಿ ಮುಗಿದಿಲ್ಲ. ಹೆಬ್ಬಾಳದಿಂದ ಹೆಚ್ಚು ದೂರವಿಲ್ಲದ ನ್ಯೂ ಬಿಇಎಲ್ ರಸ್ತೆಯಲ್ಲಿ ಇಸ್ರೊದ ಕೇಂದ್ರ ಕಚೇರಿ ಅಂತರಿಕ್ಷ ಭವನವಿದೆ. ಇಸ್ರೊದ ವಾಣಿಜ್ಯ ಅಂಗವಾದ ಆಂತ್ರಿಕ್ಸ್ 2005ರ ಜನವರಿ 28ರಂದು ಬೆಂಗಳೂರಿನ ದೇವಾಸ್ ಮಲ್ಟಿಮೀಡಿಯಾ ಜೊತೆ ಒಪ್ಪಂದ ಮಾಡಿಕೊಂಡಿತು. ಎರಡು ಉಪಗ್ರಹ, 70 ಮೆಗಾಹರ್ಟ್ಸ್ ಎಸ್–ಬ್ಯಾಂಡ್ ತರಂಗಾಂತರ, ದೇವಾಸ್ ಹಿಂದೆ ಅಮೆರಿಕದ ಹೂಡಿಕೆದಾರರು, ಆಮೇಲೆ ಜರ್ಮನಿಯ ಡಾಯ್ಚ ಟೆಲಿಕಾಂ. ಇದು ಷೇರು ಹಂಚಿಕೊಂಡ ಜಂಟಿ ಕಂಪನಿಯಲ್ಲ, ಬರೀ ಒಪ್ಪಂದ. ಆದರೆ ನಂಬಿಕೆ ಹೇಗೆ ಪೂರ್ತಿ ಕುಸಿಯುತ್ತದೆ ಎಂಬುದಕ್ಕೆ ಈ ಭಾಗದಲ್ಲಿ ಇದಕ್ಕಿಂತ ದೊಡ್ಡ ಉದಾಹರಣೆಯಿಲ್ಲ.

2011ರ ಫೆಬ್ರುವರಿಯಲ್ಲಿ ದೇಶದ ಆಯಕಟ್ಟಿನ ಅಗತ್ಯಗಳ ಕಾರಣ ಕೊಟ್ಟು ಸರ್ಕಾರ ಒಪ್ಪಂದ ರದ್ದು ಮಾಡಿತು. ದೇವಾಸ್ ಅಂತರರಾಷ್ಟ್ರೀಯ ಪಂಚಾಯಿತಿಗೆ ಹೋಯಿತು. 2015ರಲ್ಲಿ ಆಂತ್ರಿಕ್ಸ್ 56.25 ಕೋಟಿ ಡಾಲರ್ ಮತ್ತು ಬಡ್ಡಿ ಕೊಡಬೇಕೆಂದು ತೀರ್ಪು ಬಂತು. ಇತ್ತ ಭಾರತದಲ್ಲಿ, ದೇವಾಸ್ ಹುಟ್ಟಿದ್ದೇ ವಂಚನೆಗಾಗಿ ಎಂದು ಹೇಳಿ ಕಂಪನಿ ಕಾನೂನು ನ್ಯಾಯಮಂಡಳಿಯ ಬೆಂಗಳೂರು ಪೀಠ 2021ರಲ್ಲಿ ಅದನ್ನು ಮುಚ್ಚಲು ಆದೇಶಿಸಿತು. 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟ್ ಪಂಚಾಯಿತಿ ತೀರ್ಪನ್ನೂ ತಳ್ಳಿಹಾಕಿತು. 2025ರ ಜೂನ್‌ನಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್, ಆಂತ್ರಿಕ್ಸ್ ವಿರುದ್ಧದ ಪ್ರಕರಣ ಅಲ್ಲಿ ನಡೆಯಲು ಅಡ್ಡಿಯಾಗಿದ್ದ ಒಂದು ಆಕ್ಷೇಪವನ್ನು ನಿವಾರಿಸಿತು. ಅಲ್ಲಿ ಇದು ಮಾತಿಗೆ ತಪ್ಪಿದ ಸರ್ಕಾರದ ಕಥೆ, ಇಲ್ಲಿ ಮೊದಲಿನಿಂದಲೇ ಮೋಸ ಮಾಡಲು ಬಂದವರ ಕಥೆ. ನಮ್ಮ ಸರ್ವೋಚ್ಚ ನ್ಯಾಯಾಲಯದ ಮಾತನ್ನು ಒಪ್ಪಿದರೂ ಒಂದು ಪ್ರಶ್ನೆ ಉಳಿಯುತ್ತದೆ: ವಂಚನೆ ಅಷ್ಟು ಮೂಲದಲ್ಲೇ ಇದ್ದರೆ ಅದನ್ನು ಕಾಣಲು ಇಷ್ಟು ವರ್ಷ ಯಾಕೆ ಬೇಕಾಯಿತು? ಸಹಿ ಹಾಕುವಾಗ ಕಾಗದ ಓದಬೇಕಾದವರು ಸರಿಯಾಗಿ ಓದಿರಲಿಲ್ಲ ಎಂಬುದಷ್ಟೇ ಎರಡೂ ಕಥೆಗಳಿಗೆ ಹೊಂದುವ ಉತ್ತರ.

ದೇವನಹಳ್ಳಿಯ ಮಾತು

ಇನ್ನು ವಿಮಾನ ನಿಲ್ದಾಣ. ಇದರ ಕಥೆ ಶುರುವಾಗುವುದು ಒಂದು ವಿಫಲ ಪಾಲುದಾರಿಕೆಯಿಂದ ಎಂಬುದು ಈಗ ಬಹುತೇಕರಿಗೆ ಮರೆತುಹೋಗಿದೆ. 1995ರ ಡಿಸೆಂಬರ್‌ನಲ್ಲಿ ಟಾಟಾ, ಅಮೆರಿಕದ ರೇಥಿಯಾನ್ ಮತ್ತು ಸಿಂಗಪುರದ ಚಾಂಗಿ ವಿಮಾನ ನಿಲ್ದಾಣದವರು ಒಟ್ಟಾಗಿ ರಾಜ್ಯ ಸರ್ಕಾರದ ಜೊತೆ ಒಡಂಬಡಿಕೆಗೆ ಸಹಿ ಹಾಕಿದ್ದರು. ಎರಡೂವರೆ ವರ್ಷ ಅನುಮತಿಗಳಿಗಾಗಿ ಕಾದರು. ನಿಲ್ದಾಣ ಎಲ್ಲಿ, ಎಚ್‌ಎಎಲ್ ನಿಲ್ದಾಣದ ಗತಿಯೇನು ಎಂಬ ಜಗ್ಗಾಟ ಮುಗಿಯಲೇ ಇಲ್ಲ. 1998ರ ಜೂನ್‌ನಲ್ಲಿ ಅವರು ಸಹವಾಸ ಸಾಕೆಂದು ಹೊರನಡೆದರು. ಕೋಟ್ಯಂತರ ರೂಪಾಯಿ ಸುರಿದು ದೇವನಹಳ್ಳಿಯಲ್ಲಿ ರನ್‌ವೇ ಹಾಕಿದ ಮೇಲೆ ಊರೊಳಗಿನ ಹಳೆಯ ನಿಲ್ದಾಣವೂ ತೆರೆದೇ ಇದ್ದರೆ ಅಷ್ಟು ದೂರ ಯಾರು ಬರುತ್ತಾರೆ? ಆ ಪ್ರಶ್ನೆಗೆ ಉತ್ತರ ಕೊಡುವ ಧೈರ್ಯ ಆಗ ಯಾವ ಸರ್ಕಾರಕ್ಕೂ ಇರಲಿಲ್ಲ.

ಎರಡನೆಯ ಪ್ರಯತ್ನದಲ್ಲಿ ಬಂದವರು ಜರ್ಮನಿಯ ಸೀಮೆನ್ಸ್, ಸ್ವಿಟ್ಜರ್ಲೆಂಡಿನ ಜ್ಯೂರಿಕ್ ವಿಮಾನ ನಿಲ್ದಾಣ ಮತ್ತು ನಮ್ಮ ಬ್ಯಾಟರಾಯನಪುರದ ಎಲ್ ಅಂಡ್ ಟಿ. (ಆ ಎಲ್ ಅಂಡ್ ಟಿಯೂ 1938ರಲ್ಲಿ ಮುಂಬೈಯಲ್ಲಿ ಇಬ್ಬರು ಡೇನಿಷ್ ಎಂಜಿನಿಯರ್‌ಗಳು ಕಟ್ಟಿದ ಪಾಲುದಾರಿಕೆಯೇ.) 2001ರಲ್ಲಿ ಬಿಐಎಎಲ್ ಎಂಬ ಕಂಪನಿ ಹುಟ್ಟಿತು. ಸೀಮೆನ್ಸ್‌ಗೆ 40, ಜ್ಯೂರಿಕ್‌ಗೆ 17, ಎಲ್ ಅಂಡ್ ಟಿಗೆ 17. ಉಳಿದ 26ರಲ್ಲಿ ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ 13, ರಾಜ್ಯದ ಕೈಗಾರಿಕಾ ನಿಗಮವಾದ ಕೆಎಸ್‌ಐಐಡಿಸಿಗೆ 13. ಆ 26 ಇಲ್ಲಿ ಎರಡು ಹೋಳಾಗಿದೆ ನೋಡಿ. ಖಾಸಗಿಯವರ ದೊಡ್ಡ ನಿರ್ಧಾರವನ್ನು ಸರ್ಕಾರ ತಡೆಯಬಹುದು, ಆದರೆ ಬೆಂಗಳೂರು ಮತ್ತು ದೆಹಲಿ ಒಂದಾದರೆ ಮಾತ್ರ. ವಿದೇಶಿ ಪಾಲುದಾರರನ್ನು ನಂಬುವುದೋ ಬಿಡುವುದೋ ಎಂದು ನಾವು ವರ್ಷಗಟ್ಟಲೆ ವಾದ ಮಾಡಿದೆವು. ಆ ಕಾಗದ ಮಾತ್ರ ನಮ್ಮ ಎರಡು ಸರ್ಕಾರಗಳು ಒಂದನ್ನೊಂದು ನಂಬಬೇಕೆಂದು ಕೇಳುತ್ತಿತ್ತು.

2004ರ ಜುಲೈನಲ್ಲಿ ಕೇಂದ್ರದೊಡನೆ ಆದ ರಿಯಾಯಿತಿ ಒಪ್ಪಂದದಲ್ಲಿ ಹಿಂದಿನ ವೈಫಲ್ಯದ ಗುರುತು ಎದ್ದು ಕಾಣುತ್ತದೆ. ಹೊಸ ನಿಲ್ದಾಣ ತೆರೆದ ದಿನ ಎಚ್‌ಎಎಲ್‌ನಲ್ಲಿ ನಿಗದಿತ ನಾಗರಿಕ ವಿಮಾನಗಳ ಹಾರಾಟ ನಿಲ್ಲಬೇಕು. 150 ಕಿಲೊಮೀಟರ್ ದೂರದೊಳಗೆ 25 ವರ್ಷ ಇನ್ನೊಂದು ನಿಲ್ದಾಣ ಬರಕೂಡದು, ಮೈಸೂರು ಮತ್ತು ಹಾಸನ ಬಿಟ್ಟು. ಟಾಟಾ–ಚಾಂಗಿಯವರಿಗೆ ಬಾಯಿಮಾತಿನಲ್ಲೂ ಸಿಗದ ಭರವಸೆ ಇವರಿಗೆ ಅಕ್ಷರದಲ್ಲಿ ಸಿಕ್ಕಿತು. ಮೊದಲ ಸಲ ಕಳೆದುಕೊಂಡ ನಂಬಿಕೆಯ ಬೆಲೆಯನ್ನು ನಾವು ಎರಡನೆಯ ಸಲ ಬಡ್ಡಿಸಮೇತ ತೆತ್ತೆವು ಎಂದು ನನ್ನ ಅನಿಸಿಕೆ.

2005ರ ಜುಲೈನಲ್ಲಿ ಕಾಮಗಾರಿ ಶುರುವಾಯಿತು. ಮೊದಲು ವರ್ಷಕ್ಕೆ 45 ಲಕ್ಷ ಪ್ರಯಾಣಿಕರಿಗೆಂದು ಹಾಕಿದ್ದ ನಕ್ಷೆಯನ್ನು ನಡುವೆ 1.1 ಕೋಟಿಗೆ ಹಿಗ್ಗಿಸಬೇಕಾಯಿತು. ತೆರೆಯುವ ದಿನ ಬಂದರೆ ಊರೆಲ್ಲ ಗಲಾಟೆ. ನಿಲ್ದಾಣ ಚಿಕ್ಕದಾಯಿತು, ಬಳ್ಳಾರಿ ರಸ್ತೆ ಸಾಲದು, ಎಚ್‌ಎಎಲ್ ಮುಚ್ಚಬಾರದು. ಪ್ರಾಧಿಕಾರದ ನೌಕರರು ಮುಷ್ಕರ ಹೂಡಿದರು, ಉದ್ಯಮಿಗಳು ಬೀದಿಗಿಳಿದರು, ಹೈಕೋರ್ಟಿನಲ್ಲಿ ಮೇ 23ರಂದೂ ವಿಚಾರಣೆ ನಡೆಯಿತು. ಮಾರನೆಯ ದಿನ, 2008ರ ಮೇ 24ರಂದು, ನಿಲ್ದಾಣ ತೆರೆಯಿತು. ಅದರ ಮರುದಿನ ವಿಧಾನಸಭೆ ಚುನಾವಣೆಯ ಮತ ಎಣಿಕೆ. ರಾಷ್ಟ್ರಪತಿ ಆಳ್ವಿಕೆಯಲ್ಲಿದ್ದ ರಾಜ್ಯದಲ್ಲಿ ಜನಪ್ರಿಯವಲ್ಲದ ಮಾತನ್ನು ಉಳಿಸಿಕೊಳ್ಳುವುದು ಸ್ವಲ್ಪ ಸುಲಭವಾಗಿತ್ತೋ ಏನೋ.

ಅಂದಿನ ಟೀಕೆಗಳಲ್ಲಿ ಹುರುಳಿರಲಿಲ್ಲ ಎನ್ನಲಾಗದು. ನಿಲ್ದಾಣದ ಷೇರುದಾರರೇ ಅದರ ಗುತ್ತಿಗೆದಾರರೂ ಆಗಿದ್ದರು: ಕಟ್ಟಡ ಎಲ್ ಅಂಡ್ ಟಿಯದು, ಉಪಕರಣಗಳು ಸೀಮೆನ್ಸ್‌ದು, ನಡೆಸುವ ಜವಾಬ್ದಾರಿ ಜ್ಯೂರಿಕ್‌ನವರದು. ಕೊಡುವವನೂ ತಗೊಳ್ಳುವವನೂ ಒಬ್ಬನೇ ಆದಾಗ ಬಿಲ್ಲು ನೋಡುವವರು ಯಾರು? ವಿಧಾನಮಂಡಲದ ಸದನ ಸಮಿತಿಯೊಂದು ಆಮೇಲೆ ಈ ವ್ಯವಹಾರವನ್ನು ಕೆದಕಿತು. ಜಂಟಿ ಉದ್ಯಮಗಳಲ್ಲಿ ಇದು ಅಪರೂಪವೇನಲ್ಲ, ಮೇಲೆ ಹೇಳಿದ ಬೇರೆ ಬೇರೆ ಎಲೆಗಳ ಊಟವೇ. ಸಾರ್ವಜನಿಕರ ಜಮೀನು ಅದರಲ್ಲಿ ಸೇರಿದ್ದರಿಂದ ಪ್ರಶ್ನೆ ಹೆಚ್ಚು ಚುಚ್ಚಿತು.

ಅಲ್ಲಿಂದ ಮುಂದೆ ಪಾಲುದಾರರು ಒಬ್ಬೊಬ್ಬರಾಗಿ ಎದ್ದು ಹೊರಟರು. 2009ರಲ್ಲಿ ಹೈದರಾಬಾದಿನ ಜಿವಿಕೆ ಎಲ್ ಅಂಡ್ ಟಿಯ ಪೂರ್ತಿ 17 ಮತ್ತು ಜ್ಯೂರಿಕ್‌ನ 12 ಶೇಕಡಾ ಕೊಂಡಿತು. ಆಮೇಲೆ ಸೀಮೆನ್ಸ್‌ನಿಂದ 14 ಪಡೆದು 43ಕ್ಕೆ ಏರಿತು. 2013ರಲ್ಲಿ ನಿಲ್ದಾಣಕ್ಕೆ ಕೆಂಪೇಗೌಡರ ಹೆಸರು ಬಂತು. ಸಾಲದ ಹೊರೆ ಹೆಚ್ಚಿದ ಜಿವಿಕೆ 33 ಶೇಕಡಾವನ್ನು 2,149 ಕೋಟಿ ರೂಪಾಯಿಗೆ ಕೆನಡಾದ ಫೇರ್‌ಫ್ಯಾಕ್ಸ್‌ಗೆ ಮಾರಿತು. 2017ರೊಳಗೆ ಉಳಿದ 10ನ್ನೂ ಕೊಟ್ಟು ಕೈತೊಳೆದುಕೊಂಡಿತು. ಫೇರ್‌ಫ್ಯಾಕ್ಸ್ ಸ್ಥಾಪಕ ಪ್ರೇಮ್ ವತ್ಸ ಹುಟ್ಟಿದ್ದೂ ಹೈದರಾಬಾದಿನಲ್ಲೇ. ಸೀಮೆನ್ಸ್‌ನ ಕೊನೆಯ 10 ಶೇಕಡಾ ಕೈಬದಲಾದದ್ದು 2025ರಲ್ಲಿ. ಈಗ ಖಾಸಗಿಯವರ 74ಕ್ಕೆ 74ರ ಹಿಡಿತವೂ ಫೇರ್‌ಫ್ಯಾಕ್ಸ್ ಬಳಗದ್ದು. ಕದಲದೆ ಉಳಿದದ್ದು ಆ 13 ಮತ್ತು ಈ 13.

ಇಷ್ಟೆಲ್ಲ ಕೈ ಬದಲಾದರೂ ಆ ಕಾರಣಕ್ಕೆ ವಿಮಾನಗಳು ಒಂದು ದಿನವೂ ನಿಲ್ಲಲಿಲ್ಲ. 2022ರ ನವೆಂಬರ್‌ನಲ್ಲಿ ಎರಡನೆಯ ಟರ್ಮಿನಲ್ ಉದ್ಘಾಟನೆಯಾಯಿತು, 2024ರಲ್ಲಿ ಪ್ರಯಾಣಿಕರ ಸಂಖ್ಯೆ 4 ಕೋಟಿ ದಾಟಿತು. ಖಾಸಗಿ ಸ್ಥಾಪಕರು ಯಾರೂ ಇಲ್ಲದ ಮೇಲೂ ಕಂಪನಿ ನಡೆಯುತ್ತಿರುವುದಕ್ಕೆ ಕಾರಣ ಸ್ಥಾಪಕರ ನಡುವಿನ ಸ್ನೇಹವಲ್ಲ. ಬೋರ್ಡಿನಲ್ಲಿ ಯಾರಿಗೆಷ್ಟು ಸೀಟು, ಷೇರು ಮಾರುವಾಗ ಯಾರನ್ನು ಕೇಳಬೇಕು, ಸುಂಕ ನಿಗದಿ ಮಾಡುವವರು ಯಾರು ಎಂಬುದೆಲ್ಲ ಬರೆದಿಟ್ಟಿದ್ದರಿಂದ ಹೊರಡುವವರು ಗದ್ದಲವಿಲ್ಲದೆ ಹೊರಡಲು ಸಾಧ್ಯವಾಯಿತು. ಹೊರಡುವ ದಾರಿ ಸರಾಗವಾಗಿದ್ದರಿಂದಲೇ ಹೊಸಬರು ಒಳಗೆ ಬರಲು ಹೆದರಲಿಲ್ಲ.

ಈ ಲೆಕ್ಕದಲ್ಲಿ ಸೇರದೆ ಹೋದ ಪಾಲುದಾರರೂ ಇದ್ದಾರೆ. ಸುಮಾರು 4,000 ಎಕರೆಯ ನಿಲ್ದಾಣ ಎದ್ದದ್ದು ದೇವನಹಳ್ಳಿ ಸುತ್ತಲಿನ ಹೊಲ–ತೋಟಗಳ ಮೇಲೆ. ಜಮೀನು ಹಾಕಿದವರಿಗೆ ಷೇರಿಲ್ಲ, ಬೋರ್ಡಿನಲ್ಲಿ ಸೀಟಿಲ್ಲ. ಪರಿಹಾರ ಪಡೆದು ಅವರೂ ‘ಹೊರನಡೆದ’ ಲೆಕ್ಕ. ಅದರ ನೆನಪು ಊರುಗಳಲ್ಲಿ ಹಸಿಯಾಗಿತ್ತು. ಹಾಗಾಗಿ ಏರೋಸ್ಪೇಸ್ ಪಾರ್ಕಿಗಾಗಿ ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಕೇಳಿದಾಗ ರೈತರು ಒಪ್ಪಲಿಲ್ಲ. ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಸ್ವಾಧೀನ ಕೈಬಿಟ್ಟಿತು. ವಿದೇಶಿ ಕಂಪನಿಗಳಿಗೆ 25 ವರ್ಷದ ಭರವಸೆ ಬರೆದುಕೊಡುವಾಗ ತೋರಿದ ಉದಾರತೆಯಲ್ಲಿ ಹತ್ತನೆಯ ಒಂದು ಪಾಲನ್ನು ಈ ಊರುಗಳಿಗೆ ತೋರಿದ್ದರೆ ಅಷ್ಟು ದಿನ ಯಾರೂ ಧರಣಿ ಕೂರಬೇಕಿರಲಿಲ್ಲ.

ಆ 25 ವರ್ಷ ಮುಗಿಯುವುದು 2033ರ ಮೇ ತಿಂಗಳಲ್ಲಿ. ರಾಜ್ಯ ಸರ್ಕಾರ ಎರಡನೆಯ ನಿಲ್ದಾಣಕ್ಕೆ ಈಗಲೇ ಜಾಗ ಗುರುತಿಸಿದೆ: ಕನಕಪುರ ರಸ್ತೆಯ ಕಡೆ ಎರಡು, ನೆಲಮಂಗಲದ ಕಡೆ ಒಂದು. ಗಡಿಯಾಚೆ ತಮಿಳುನಾಡು ಹೊಸೂರಿನಲ್ಲಿ ತನ್ನದೇ ನಿಲ್ದಾಣ ಕಟ್ಟುವುದಾಗಿ 2024ರಲ್ಲಿ ಘೋಷಿಸಿದೆ. ಅದಕ್ಕೂ ಎದುರಾಗುವುದು ಇದೇ 150 ಕಿಲೊಮೀಟರ್. ಎಚ್‌ಎಎಲ್ ನಿಲ್ದಾಣವನ್ನು ಮತ್ತೆ ತೆರೆಯಿರಿ ಎಂಬ ಕೂಗು ಆಗಾಗ ಏಳುತ್ತಲೇ ಇರುತ್ತದೆ. ಆ 150 ಕಿಲೊಮೀಟರ್ ಷರತ್ತಿಗೆ ಒಪ್ಪಿದ ಸೀಮೆನ್ಸ್, ಜ್ಯೂರಿಕ್, ಎಲ್ ಅಂಡ್ ಟಿ ಮೂವರೂ ಈಗ ಕಂಪನಿಯಲ್ಲಿಲ್ಲ. ದೇವನಹಳ್ಳಿ ನಿಲ್ದಾಣ ನಡೆಸುವ ಹಕ್ಕಿನ ಅವಧಿ ಮಾತ್ರ 2068ರವರೆಗೆ ವಿಸ್ತರಣೆಯಾಗಿದೆ. ಎರಡನೆಯ ನಿಲ್ದಾಣದ ಟೆಂಡರ್ ಕರೆದ ದಿನ ಬರುವ ಹೊಸ ಪಾಲುದಾರರು ಮೊದಲು ತರಿಸಿಕೊಂಡು ಓದುವುದು 2004ರ ಒಪ್ಪಂದವನ್ನೇ. 1998ರಲ್ಲಿ ಎದ್ದು ಹೋದವರ ಕಡತವನ್ನೂ ಅವರು ಕೇಳಿದರೆ ಆಶ್ಚರ್ಯವಿಲ್ಲ.